ಗಂಗಾಧರನ ಬೀದಿಯಿಂದ ರಂಗನಾಥನ ದ್ವೀಪಕ್ಕೆ

ಚೆನ್ನೈನ ಪುರಸೈವಾಕ್ಕಂನಲ್ಲಿ ಗಂಗಾಧರೇಶ್ವರನ ಗುಡಿಯಿದೆ. ಶ್ರೀರಂಗಪಟ್ಟಣದ ಕೋಟೆಯೊಳಗೂ ಒಂದು ಗಂಗಾಧರೇಶ್ವರನ ಗುಡಿಯಿದೆ. ಎರಡರ ನಡುವೆ ಇರುವುದು ಒಂದು ರಾತ್ರಿಯ ರೈಲು ಪ್ರಯಾಣ. ಚೆನ್ನೈ ಸೆಂಟ್ರಲ್‌ನಲ್ಲಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗಿನ ಜಾವ ಮೈಸೂರಿಗೆ ಸ್ವಲ್ಪ ಮುಂಚೆ ಗಾಡಿ ಕಾವೇರಿಯ ಒಂದು ಕವಲನ್ನು ದಾಟಿ ದ್ವೀಪಕ್ಕೆ ಇಳಿಯುತ್ತದೆ, ಇನ್ನೊಂದು ಕವಲನ್ನು ದಾಟಿ ಹೊರಬೀಳುತ್ತದೆ. ಕಿಟಕಿಯಲ್ಲಿ ಗೋಪುರ ಕಂಡೊಡನೆ ಬೋಗಿಯಲ್ಲಿ ಯಾರಾದರೊಬ್ಬರು ಕೈಮುಗಿಯುತ್ತಾರೆ. ನಾನು ಈ ಎರಡೂ ಊರುಗಳ ಋಣದವಳು. ಹುಟ್ಟಿ ಬೆಳೆದದ್ದು ಮಂಡ್ಯದ ಸೀಮೆಯಲ್ಲಿ, ಸಂಸಾರ ಹೂಡಿದ್ದು ಪುರಸೈವಾಕ್ಕಂನಲ್ಲಿ.

ಪುರಸೈವಾಕ್ಕಂನ ಗಂಗಾಧರನಿಗೆ ಒಂದು ಸ್ಥಳಪುರಾಣವಿದೆ. ಗಂಗೆಯನ್ನು ಭೂಮಿಗೆ ತಂದ ಭಗೀರಥನಿಗೆ ಆ ಸಾಧನೆಯ ಗರ್ವ ತಲೆಗೇರಿತಂತೆ. ನಾರದನ ಶಾಪ ತಗುಲಿತಂತೆ. ಪರಿಹಾರಕ್ಕೆಂದು ಊರೂರು ಅಲೆದು ಲಿಂಗಗಳನ್ನು ಪ್ರತಿಷ್ಠಾಪಿಸುತ್ತ ಬಂದು, 1008ನೆಯದನ್ನು ಈ ಮುತ್ತುಗದ ಕಾಡಿನಲ್ಲಿ ಸ್ಥಾಪಿಸಿದಾಗ ಅವನಿಗೆ ಬಿಡುಗಡೆ ಸಿಕ್ಕಿತಂತೆ. ನಾವು ಮುತ್ತುಗ ಎನ್ನುವ ಮರವನ್ನು ತಮಿಳರು ಪುರಸು ಎನ್ನುತ್ತಾರೆ. ಗುಡಿಯ ಸ್ಥಳವೃಕ್ಷ ಇಂದಿಗೂ ಅದೇ. ಊರಿನ ಹೆಸರೂ ಅದರಿಂದಲೇ ಬಂದದ್ದು. ಅಮ್ಮನವರ ಹೆಸರು ಪಂಕಜಾಂಬಾಳ್. ಭಗೀರಥ ಎಂದರೆ ಹಠ ಹಿಡಿದು ಗೆದ್ದವನು ಎಂದೇ ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಗೆದ್ದ ಮೇಲೆ ಅವನಿಗೇನಾಯಿತು ಎಂದು ಕೇಳಿದ ಊರು ಇದು. ಈ ಕಥೆಯನ್ನು ಮೊದಲು ಕೇಳಿದ ದಿನದಿಂದ ನನಗೆ ಈ ಬೀದಿಯ ಮೇಲೆ ಪ್ರೀತಿ ಹುಟ್ಟಿತು.

ಹೊರಗಿನಿಂದ ಬಂದವರ ಕಣ್ಣಿಗೆ ಪುರಸೈವಾಕ್ಕಂ ಎಂದರೆ ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಚಿನ್ನದ ಅಂಗಡಿ. ಹೈರೋಡಿನಲ್ಲಿ ಸಂಜೆ ಹೊತ್ತು ಹೆಜ್ಜೆ ಇಡಲು ಜಾಗವಿರುವುದಿಲ್ಲ. ಆದರೆ ಇದು ಮದ್ರಾಸಿಗಿಂತ ಹಳೆಯ ಹಳ್ಳಿ. ಎಗ್ಮೋರ್, ತೊಂಡೈಯಾರ್‌ಪೇಟೆಗಳ ಜೊತೆಗೆ ಇದು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ್ದು 1693ರಲ್ಲಿ. ಇಲ್ಲಿಯ ವೆಳ್ಳಾಲ ಬೀದಿಯ ಅಜ್ಜಿಯ ಮನೆಯೊಂದರಲ್ಲಿ 1906ರಲ್ಲಿ ಆರ್.ಕೆ. ನಾರಾಯಣ್ ಹುಟ್ಟಿದರು. ನವಿಲು, ಕೋತಿಗಳ ಜೊತೆ ಅಲ್ಲೇ ಬಾಲ್ಯ ಕಳೆದರು. ಆಮೇಲೆ ಮೈಸೂರಿನವರಾದರು, ತಮ್ಮ ಆರ್.ಕೆ. ಲಕ್ಷ್ಮಣರ ಚಿತ್ರಗಳೊಂದಿಗೆ ಕರ್ನಾಟಕದ ಪ್ರವಾಸಕಥನವನ್ನೂ ಬರೆದರು. ಅಜ್ಜಿಯ ಮನೆ ಈಗ ಇಲ್ಲ. ಮೈಸೂರಿನ ಯಾದವಗಿರಿಯ ಮನೆ ಉಳಿದು ಮ್ಯೂಸಿಯಂ ಆಗಿದೆ.

ಮೈಸೂರು ಕಡೆಯ ನೆಂಟರು ಬಂದಾಗ ಕೇಳುತ್ತಾರೆ: ‘ಇಲ್ಲಿ ನೋಡೋಕೆ ಏನಿದೆ? ಬೀಚು ಬಿಟ್ಟರೆ?’ ನಾನು ಉತ್ತರ ಹೇಳುವುದಕ್ಕೆ ಶ್ರೀರಂಗಪಟ್ಟಣದಿಂದಲೇ ಶುರು ಮಾಡಬೇಕಾಗುತ್ತದೆ.

ಶ್ರೀರಂಗಪಟ್ಟಣವನ್ನು ನಾವೆಲ್ಲ ನೋಡಿದ್ದೇವೆ. ಶಾಲೆಯ ಪ್ರವಾಸದಲ್ಲಿ ಒಮ್ಮೆ, ಮದುವೆಯಾದ ಮೇಲೆ ಒಮ್ಮೆ, ಸಂಗಮದಲ್ಲಿ ಹಿರಿಯರ ಅಸ್ಥಿ ಬಿಡುವುದಕ್ಕೆ ಒಮ್ಮೆ. ಮೂರು ಸಲವೂ ಒಂದೇ ದಾರಿ: ರಂಗನಾಥನ ದರ್ಶನ, ಜಾಮಿಯಾ ಮಸೀದಿಯ ಜೋಡಿ ಮಿನಾರುಗಳ ಕೆಳಗೆ ಒಂದು ಫೋಟೋ, ಟಿಪ್ಪು ಬಿದ್ದ ಜಾಗದ ಕಲ್ಲು, ಕರ್ನಲ್ ಬೇಲಿಯ ಸೆರೆಮನೆ, ದರಿಯಾ ದೌಲತ್, ಗುಂಬಜ್, ಸಂಗಮ. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಗಂಗಾಧರೇಶ್ವರನ ಗುಡಿಗೆ ಹೋಗುವವರು ಕಡಿಮೆ. ದ್ವೀಪ ಎಂಬುದು ಸಂಗಮದ ಹತ್ತಿರ ನೀರು ಕಂಡಾಗ ಮಾತ್ರ ನೆನಪಾಗುತ್ತದೆ.

ಆದರೂ ಅದು ಎಂಥ ದ್ವೀಪ! ಕಾವೇರಿ ತನ್ನ ದಾರಿಯಲ್ಲಿ ಮೂರು ಕಡೆ ಕವಲಾಗಿ ರಂಗನಾಥನಿಗೆ ಮಲಗಲು ಜಾಗ ಮಾಡಿಕೊಟ್ಟಿದ್ದಾಳೆ. ಶ್ರೀರಂಗಪಟ್ಟಣದಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ಶ್ರೀರಂಗದಲ್ಲಿ ಅಂತ್ಯರಂಗ. ಮೊದಲ ದ್ವೀಪದ ಗುಡಿಯನ್ನು ಗಂಗರ ಕಾಲದಲ್ಲಿ, 894ರಲ್ಲಿ, ತಿರುಮಲಯ್ಯ ಎಂಬ ಅವರ ಸಾಮಂತ ಕಟ್ಟಿಸಿದ. 1610ರಲ್ಲಿ ರಾಜ ಒಡೆಯರು ಗೆದ್ದ ಮೇಲೆ ಅದು ಮೈಸೂರಿನ ರಾಜಧಾನಿಯಾಯಿತು. 1799ರ ಮೇ 4ರ ಮಧ್ಯಾಹ್ನದ ತನಕ ರಾಜಧಾನಿಯಾಗಿಯೇ ಇತ್ತು. ಎಂಟುನೂರಕ್ಕೂ ಹೆಚ್ಚು ವರ್ಷಗಳ ಅಂತರದಲ್ಲಿ ಕಟ್ಟಿದ ಗುಡಿ, ಮಸೀದಿ, ಅರಮನೆ, ಗೋರಿಗಳು ಒಂದು ಬೆಳಗಿನಲ್ಲಿ ನಡೆದು ಮುಗಿಸುವಷ್ಟು ನೆಲದಲ್ಲಿ ಒತ್ತಾಗಿ ನಿಂತಿವೆ. ನಮ್ಮ ನಾಡಿನಲ್ಲಿ ಇಂಥ ಇನ್ನೊಂದು ಚೂರು ನೆಲ ನನಗೆ ತಿಳಿದಂತೆ ಇಲ್ಲ.

ನೋಡಿ ಬಂದ ಊರು ನಮ್ಮೊಳಗೆ ಯಾವಾಗ ಬೆರಗಾಗುತ್ತದೆ? ಅಲ್ಲಿ ನಿಂತಾಗಲೇ ಆಗಬೇಕೆಂದೇನಿಲ್ಲ. ನನಗೆ ಶ್ರೀರಂಗಪಟ್ಟಣ ನಿಜವಾಗಿ ಕಂಡದ್ದು ಚೆನ್ನೈನಲ್ಲಿ, ಎಗ್ಮೋರಿನ ಒಂದು ಚರ್ಚಿನ ಗುಮ್ಮಟದ ಕೆಳಗೆ.

ಪುರಸೈವಾಕ್ಕಂನಿಂದ ವೇಪೇರಿಯ ಮೂಲಕ ದಕ್ಷಿಣಕ್ಕೆ ನಡೆದರೆ ಪೂನಮಲ್ಲಿ ಹೈರೋಡು ಸಿಗುತ್ತದೆ. ಒಂದು ಕಾಲಕ್ಕೆ ಆ ರಸ್ತೆಯಲ್ಲಿ ಮೈಸೂರಿನಿಂದಲೇ ಹೊರಟು ಬೆಳೆದ ದಾಸಪ್ರಕಾಶ್ ಹೋಟೆಲ್ ಇತ್ತು. ಕನ್ನಡ ಮಾತಿನ ಎಷ್ಟು ಕುಟುಂಬಗಳು ಅಲ್ಲಿ ಕೂತು ದೋಸೆ ತಿಂದಿವೆಯೋ. ಅದೂ ಈಗಿಲ್ಲ. ಅದೇ ರಸ್ತೆಯ ಬದಿಯಲ್ಲಿ, ಮರಗಳ ಹಿಂದೆ, ಬೆಳ್ಳಗಿನ ಎತ್ತರದ ಶಿಖರವೊಂದು ಕಾಣುತ್ತದೆ. ಸೇಂಟ್ ಆಂಡ್ರೂಸ್ ಕಿರ್ಕ್. ಸ್ಕಾಟ್ಲೆಂಡಿನ ಕ್ರೈಸ್ತರು ತಮ್ಮ ಆರಾಧನೆಗೆಂದು 1818ರಲ್ಲಿ ಶುರುಮಾಡಿ 1821ರಲ್ಲಿ ಪೂರೈಸಿದ ಚರ್ಚು. ಹೊರಗಿನಿಂದ ನೋಡಿದರೆ ಲಂಡನ್ನಿನ ಸೇಂಟ್ ಮಾರ್ಟಿನ್ ಚರ್ಚಿನ ಸೋದರಿಯಂತೆ ಕಾಣುತ್ತದೆ. ಒಳಗೆ ಹೋದರೆ ಲೋಕವೇ ಬೇರೆ. ದುಂಡನೆಯ ಅಂಕಣ, ಸುತ್ತಲೂ ಹದಿನಾರು ಕಂಬ, ಮೇಲೆ ಐವತ್ತು ಅಡಿಗೂ ಮಿಕ್ಕ ಅಗಲದ ಗುಮ್ಮಟ. ಗುಮ್ಮಟದ ಒಳಮೈಗೆ ಗಾಢ ನೀಲಿ. ನೀಲಿಯ ಮೇಲೆ ಬಂಗಾರದ ನಕ್ಷತ್ರಗಳು.

ತಂಗಿಯ ಮಗಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬೆಂಚಿನ ಮೇಲೆ ತಲೆ ಹಿಂದಕ್ಕೆ ಚೆಲ್ಲಿ ಕೂತವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಈ ಇಡೀ ಕಟ್ಟಡ ನಿಂತಿರುವುದು ಬಾವಿಗಳ ಮೇಲೆ ಎಂದು ನಾನು ಹೇಳಿದಾಗ ಎದ್ದು ಕೂತಳು.

‘ಬಾವಿ ಮೇಲೆ ಕಟ್ಟಿದ್ರೆ ಮುಳುಗೋದಿಲ್ವಾ ದೊಡ್ಡಮ್ಮ?’

ಮುಳುಗುವುದಿಲ್ಲ. ಮುಳುಗಬಾರದೆಂದೇ ಬಾವಿ. ಕೂವಂ ನದಿಯ ಸಮೀಪದ ಈ ನೆಲ ಕೆಸರು ಮತ್ತು ಮರಳು. ಅಷ್ಟು ಭಾರದ ಕಲ್ಲು-ಇಟ್ಟಿಗೆಯನ್ನು ಅದರ ಮೇಲೆ ನೇರ ಇಟ್ಟರೆ ಒಂದು ಮೂಲೆ ಕುಸಿಯುತ್ತದೆ, ಗುಮ್ಮಟ ಸೀಳುತ್ತದೆ. ನಮ್ಮ ಕಡೆಯ ಕಟ್ಟುಕೆಲಸದವರಿಗೆ ಇದಕ್ಕೆ ಹಿಂದಿನಿಂದಲೂ ಒಂದು ಉಪಾಯ ಗೊತ್ತಿತ್ತು. ಬಾವಿಯ ಬಳೆಗಳನ್ನು ಒಂದರ ಮೇಲೊಂದು ಇಟ್ಟು, ಒಳಗಿನ ಮಣ್ಣು ತೆಗೆಯುತ್ತ ಹೋದರೆ, ತಮ್ಮ ಭಾರಕ್ಕೆ ತಾವೇ ಇಳಿದು ಗಟ್ಟಿ ಪದರ ಮುಟ್ಟುತ್ತವೆ. ಆಮೇಲೆ ಒಳಗೆ ತುಂಬಿ ಬಿಗಿ ಮಾಡಿದರೆ ನೆಲದೊಳಗೆ ಕಂಬಗಳ ಒಂದು ತೋಪೇ ನಿಂತಂತೆ. ಕಿರ್ಕಿನ ಕೆಳಗೆ ಹೀಗೆ ಇಳಿಸಿದ ಬಾವಿಗಳು ನೂರೈವತ್ತರಷ್ಟಿವೆ. ಮೇಲೆ ಬಂಗಾರದ ನಕ್ಷತ್ರಗಳು, ಕೆಳಗೆ ಕತ್ತಲಲ್ಲಿ ನೂರೈವತ್ತು ಬಾವಿಗಳು. ಬಾವಿಗಳ ಸಂಗತಿ ತಿಳಿದ ಮೇಲೆ ಆ ಹುಡುಗಿ ಮತ್ತೊಮ್ಮೆ ತಲೆಯೆತ್ತಿ ಗುಮ್ಮಟ ನೋಡಿದಳು. ಮೊದಲಿಗಿಂತ ಹೆಚ್ಚು ಹೊತ್ತು ನೋಡಿದಳು.

ಇದನ್ನು ಕಟ್ಟಿದವನು ಥಾಮಸ್ ಫಿಯಟ್ ಡಿ ಹ್ಯಾವಿಲ್ಯಾಂಡ್. ಇಂಗ್ಲಿಷ್ ಕಾಲುವೆಯ ಗರ್ನ್ಸಿ ಎಂಬ ದ್ವೀಪದಲ್ಲಿ ಹುಟ್ಟಿ, ಮದ್ರಾಸ್ ಸೈನ್ಯದಲ್ಲಿ ಇಂಜಿನಿಯರ್ ಆಗಿ ಸೇರಿ, ಟಿಪ್ಪುವಿನ ಪತನದ ನಂತರದ ವರ್ಷಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಇದ್ದವನು. ಅಲ್ಲಿ ತನ್ನ ಮನೆಯ ತೋಟದಲ್ಲಿ 1808ರ ಸುಮಾರಿಗೆ ಒಂದು ಕಮಾನು ಕಟ್ಟಿದ. ಬಾಗಿಲೂ ಇಲ್ಲದ, ಗೋಡೆಯೂ ಇಲ್ಲದ, ಯಾವ ಕಟ್ಟಡಕ್ಕೂ ಸೇರದ ಬರೀ ಕಮಾನು. ಈ ತುದಿಯಿಂದ ಆ ತುದಿಗೆ ನೂರು ಅಡಿಗೂ ಹೆಚ್ಚು. ಇಟ್ಟಿಗೆ ಮತ್ತು ಗಾರೆ, ಅಷ್ಟೇ. ಅಷ್ಟು ದೂರಕ್ಕೆ ಅಷ್ಟು ಕಡಿಮೆ ಎತ್ತರದ ಕಮಾನು ಇಟ್ಟಿಗೆಯಲ್ಲಿ ನಿಲ್ಲುತ್ತದೆ ಎಂದು ನಂಬದವರಿಗೆ ಅವನು ಕೊಟ್ಟ ಉತ್ತರ ಅದು. ಮೇಲೆ ನಿಂತು ಕುಪ್ಪಳಿಸಿದರೆ ಇಡೀ ಕಮಾನು ಕಂಪಿಸುತ್ತಿತ್ತು ಎಂದು ನೋಡಿದವರು ಬರೆದಿಟ್ಟಿದ್ದಾರೆ. ಕಂಪಿಸುತ್ತಲೇ ಅದು ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತಿತು. ಬಿದ್ದದ್ದು 1930ರ ದಶಕದಲ್ಲಿ.

ಕಮಾನಿಗೂ ಗುಮ್ಮಟಕ್ಕೂ ನಡುವೆ ಅವನ ಬದುಕಿನಲ್ಲಿ ಒಂದು ದೊಡ್ಡ ಪೆಟ್ಟು ಇದೆ. 1809ರಲ್ಲಿ ಮದ್ರಾಸಿನ ಗವರ್ನರನ ವಿರುದ್ಧ ಕಂಪನಿಯ ಬಿಳಿಯ ಅಧಿಕಾರಿಗಳೇ ದಂಗೆ ಎದ್ದರು. ಶ್ರೀರಂಗಪಟ್ಟಣದ ಕೋಟೆ ಆ ದಂಗೆಯ ಕೇಂದ್ರಗಳಲ್ಲೊಂದು. ಡಿ ಹ್ಯಾವಿಲ್ಯಾಂಡ್ ಅದರಲ್ಲಿ ಸಿಲುಕಿ ಕೆಲಸ ಕಳೆದುಕೊಂಡ. ಕೆಲವು ವರ್ಷಗಳ ನಂತರ ಮತ್ತೆ ಸೇವೆಗೆ ತೆಗೆದುಕೊಂಡರು, ಆಗ ಅವನ ಪಾಲಿಗೆ ಬಂದದ್ದು ಮದ್ರಾಸಿನ ಚರ್ಚುಗಳು. ಗುಮ್ಮಟ ಎಂದರೆ ಕಮಾನನ್ನೇ ಸುತ್ತ ತಿರುಗಿಸಿದ ಆಕಾರ. ಕಾವೇರಿಯ ದ್ವೀಪದ ತೋಟದಲ್ಲಿ ಕೈ ಪಳಗಿಸಿಕೊಂಡದ್ದನ್ನು ಅವನು ಎಗ್ಮೋರಿನಲ್ಲಿ ಆಕಾಶ ಮಾಡಿ ನಿಲ್ಲಿಸಿದ ಎಂದು ನಾನು ಅಂದುಕೊಳ್ಳುತ್ತೇನೆ. ಇದಕ್ಕೆ ದಾಖಲೆ ಬೇಡ. ಆ ಗುಮ್ಮಟದ ಕೆಳಗೆ ಕೂತರೆ ಸಾಕು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಅವನ ಕಮಾನಿಗಿಂತ ಮೊದಲೇ, 1804ರಲ್ಲಿ, ದಿವಾನ್ ಪೂರ್ಣಯ್ಯನವರು ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿದ್ದರು. ಅದರಲ್ಲಿ ಕಮಾನೇ ಇಲ್ಲ. ಕಲ್ಲಿನ ಕಂಬಗಳು, ಅವುಗಳ ಮೇಲೆ ಕಲ್ಲಿನ ತೊಲೆಗಳು. ನಮ್ಮ ಗುಡಿಯ ಮಂಟಪ ಕಟ್ಟುವವರಿಗೆ ಗೊತ್ತಿದ್ದ ವಿದ್ಯೆ. ವೆಲ್ಲೆಸ್ಲಿ ಹೆಸರಿನ ಆ ಸೇತುವೆ ಎಷ್ಟೋ ನೆರೆಗಳನ್ನು ತಲೆಯ ಮೇಲೆ ಹಾಯಿಸಿಕೊಂಡು ಇವತ್ತಿಗೂ ನಿಂತಿದೆ. ಆ ಸೇತುವೆಯ ಮೇಲೆ ನಡೆದವರು ಲಕ್ಷಾಂತರ, ಅದರ ಕಂಬಗಳನ್ನು ಬಗ್ಗಿ ನೋಡಿದವರು ಎಷ್ಟು ಜನ?

ನೀಲಿ ಗುಮ್ಮಟದ ನಕ್ಷತ್ರಗಳನ್ನು ನೋಡುವಾಗ ನನಗೆ ವಿಲಿಯಂ ಲ್ಯಾಂಬ್ಟನ್ ನೆನಪಾಗುತ್ತಾನೆ. 1799ರ ಏಪ್ರಿಲ್. ಶ್ರೀರಂಗಪಟ್ಟಣದ ಹೊರಗೆ ಕಂಪನಿಯ ಸೈನ್ಯ ಬೀಡುಬಿಟ್ಟಿತ್ತು. ಒಂದು ರಾತ್ರಿ ತೋಪೊಂದನ್ನು ಶೋಧಿಸಿ ಬಿಡಾರಕ್ಕೆ ಮರಳುತ್ತಿದ್ದೇವೆ ಎಂದುಕೊಂಡಿದ್ದ ತುಕಡಿ ಕತ್ತಲಲ್ಲಿ ದಿಕ್ಕು ತಪ್ಪಿ ಟಿಪ್ಪುವಿನ ಪಡೆಯತ್ತಲೇ ನಡೆಯುತ್ತಿತ್ತು. ಲ್ಯಾಂಬ್ಟನ್ ತಲೆಯೆತ್ತಿ ಚುಕ್ಕೆಗಳನ್ನು ನೋಡಿ, ಹೋಗುತ್ತಿರುವ ದಾರಿ ತಪ್ಪು ಎಂದು ಸೇನಾನಿ ಬೇರ್ಡ್‌ಗೆ ಹೇಳಿದ. ನಮ್ಮ ಕಾವೇರಿ ಬಯಲಿನ ಆಕಾಶ ಅವತ್ತು ಶತ್ರುವಿಗೆ ದಾರಿ ತೋರಿಸಿತು. ಮೂರು ವರ್ಷದ ಬಳಿಕ, 1802ರಲ್ಲಿ, ಅದೇ ಲ್ಯಾಂಬ್ಟನ್ ಚೆನ್ನೈನ ಸೇಂಟ್ ಥಾಮಸ್ ಮೌಂಟಿನ ಬಳಿ ನೆಲದ ಮೇಲೆ ಸರಪಳಿ ಹಾಸಿ ಇಂಡಿಯಾವನ್ನು ಅಳೆಯಲು ಶುರುಮಾಡಿದ. ಹಿಮಾಲಯದ ಶಿಖರಗಳ ಎತ್ತರ ಜಗತ್ತಿಗೆ ತಿಳಿದದ್ದು ಅಲ್ಲಿಂದ ಬೆಳೆದ ಮಹಾಸರ್ವೇಕ್ಷಣೆಯಿಂದ.

ಅದೇ ಯುದ್ಧದಲ್ಲಿದ್ದ ಇನ್ನೊಬ್ಬ, ಇಂಜಿನಿಯರ್ ಕಾಲಿನ್ ಮೆಕೆಂಜಿ, ಮೈಸೂರು ಸೀಮೆಯನ್ನು ಅಳೆಯುತ್ತ, ಊರೂರಿನ ಶಾನುಭೋಗರಿಂದ, ಪಟೇಲರಿಂದ ಊರಿನ ಕಥೆಗಳನ್ನು ಬರೆಸಿಕೊಂಡ. ಕನ್ನಡದ ಆ ಕೈಫಿಯತ್ತುಗಳ ದೊಡ್ಡ ಭಾಗ ಇಂದಿಗೂ ಚೆನ್ನೈನ ಸರ್ಕಾರಿ ಹಸ್ತಪ್ರತಿ ಗ್ರಂಥಾಲಯದಲ್ಲಿದೆ. ಶ್ರೀರಂಗಪಟ್ಟಣವನ್ನು ಕೆಡವಲು ಬಂದವರ ಕೈಯಲ್ಲೇ ನಮ್ಮ ಎಷ್ಟೋ ಹಳ್ಳಿಗಳ ನೆನಪು ಉಳಿಯಿತು. ಇದನ್ನು ಹೇಗೆ ಎದೆಗೆ ಹಚ್ಚಿಕೊಳ್ಳಬೇಕು ಎಂದು ನನಗೆ ಸುಲಭವಾಗಿ ತೋಚುವುದಿಲ್ಲ. ಕೋಪವೂ ಬರುತ್ತದೆ, ಕೃತಜ್ಞತೆಯೂ ಬರುತ್ತದೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಕಿರ್ಕಿನಿಂದ ಪೂರ್ವಕ್ಕೆ, ಸೆಂಟ್ರಲ್ ದಾಟಿ ಸಮುದ್ರದ ಕಡೆ ಹೊರಟರೆ ಚೆನ್ನೈಗೆ ತನ್ನದೇ ಒಂದು ದ್ವೀಪ ಸಿಗುತ್ತದೆ. ತಮಿಳರು ತೀವುತ್ತಿಡಲ್ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಐಲ್ಯಾಂಡ್ ಗ್ರೌಂಡ್ಸ್. ಕೂವಂ ನದಿ ಎರಡಾಗಿ ಸುತ್ತುವರಿದ ಬಯಲು. ಪ್ರತಿ ವರ್ಷ ಪೊಂಗಲ್ ಆಸುಪಾಸಿನಲ್ಲಿ ಇಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯುತ್ತದೆ. ರಾಟೆ, ಹಪ್ಪಳದಷ್ಟಗಲದ ಬಜ್ಜಿ, ಸರ್ಕಾರಿ ಇಲಾಖೆಗಳ ಮಳಿಗೆಗಳು. ದ್ವೀಪ ಎಂದುಕೊಂಡು ಬಂದವರಿಗೆ ನೀರು ಕಾಣುವುದು ಸೇತುವೆಗಳ ಮೇಲಿಂದ ಮಾತ್ರ. ಆ ನೀರೂ ನೋಡುವಂತಿಲ್ಲ, ಮೂಗು ಮುಚ್ಚಿಕೊಳ್ಳಬೇಕು. ಕಾವೇರಿಯ ದಡದಲ್ಲಿ ಬೆಳೆದವಳಿಗೆ ಕೂವಂ ನೋಡುವುದು ಕಷ್ಟ. ನದಿಯೊಂದನ್ನು ಹೀಗೆ ಕೊಲ್ಲಬಾರದಿತ್ತು.

ಈ ದ್ವೀಪದ ನಡುವೆ ಹಾದುಹೋಗುವ ರಸ್ತೆಯಲ್ಲಿ ಎತ್ತರದ ಪೀಠದ ಮೇಲೆ ಕಂಚಿನ ಕುದುರೆಯೇರಿ ಥಾಮಸ್ ಮನ್ರೋ ಕುಳಿತಿದ್ದಾನೆ. ಬಳ್ಳಾರಿಯವರಿಗೆ, ಮಂಗಳೂರಿನವರಿಗೆ ಇವನನ್ನು ಪರಿಚಯಿಸಬೇಕಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರನ್ನು ಹಂಚುವ ಆಯೋಗದಲ್ಲಿ ಕಾರ್ಯದರ್ಶಿಯಾಗಿದ್ದವನು. ಅಲ್ಲಿಂದ ಕೆನರಾದ ಕಲೆಕ್ಟರ್, 1800ರಿಂದ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳ ಕಲೆಕ್ಟರ್. ಜಮೀನ್ದಾರರನ್ನು ನಡುವೆ ಇಟ್ಟುಕೊಳ್ಳದೆ ರೈತನ ಜೊತೆ ನೇರ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಗೆ ಇವನದೇ ಹೆಸರು. 1820ರಲ್ಲಿ ಮದ್ರಾಸಿನ ಗವರ್ನರ್ ಆದ. 1827ರ ಜುಲೈಯಲ್ಲಿ, ಊರಿಗೆ ಮರಳುವ ಮುನ್ನ ತನ್ನ ಹಳೆಯ ಸೀಮೆಯನ್ನು ಕೊನೆಯ ಸಲ ನೋಡಲು ಹೋಗಿ ಪತ್ತಿಕೊಂಡದಲ್ಲಿ ಕಾಲರಾ ತಗುಲಿ ಸತ್ತ. ಮೊದಲು ಗುತ್ತಿಯಲ್ಲಿ ಹೂಳಿದ್ದ ದೇಹವನ್ನು ಆಮೇಲೆ ಮದ್ರಾಸ್ ಕೋಟೆಯ ಸೇಂಟ್ ಮೇರೀಸ್ ಚರ್ಚಿಗೆ ತಂದರು.

ಪ್ರತಿಮೆಯ ಬಗ್ಗೆ ಚೆನ್ನೈನಲ್ಲಿ ಒಂದು ಕಥೆ ಓಡಾಡುತ್ತದೆ. ಕುದುರೆಗೆ ಜೀನಿಲ್ಲ, ಕಾಲಿಡಲು ರಿಕಾಬಿಲ್ಲ. ಶಿಲ್ಪಿ ಮರೆತುಬಿಟ್ಟನಂತೆ, ಮರೆತದ್ದು ತಿಳಿದು ನಾಚಿಕೆಯಿಂದ ಪ್ರಾಣ ಬಿಟ್ಟನಂತೆ. ಬೇಲೂರಿನ ಜಕಣಾಚಾರಿಯ ಕಥೆ ಕೇಳಿ ಬೆಳೆದ ನಮಗೆ ಇದು ತಕ್ಷಣ ನಾಟುತ್ತದೆ. ದೊಡ್ಡ ಶಿಲ್ಪದಲ್ಲಿ ಒಂದು ದೋಷವಿರಬೇಕು, ಶಿಲ್ಪಿ ಅದಕ್ಕೆ ಬೆಲೆ ತೆರಬೇಕು ಎಂದು ಜನಮನಸ್ಸು ಎಲ್ಲ ಕಡೆಯೂ ಬಯಸುತ್ತದೆ. ನಿಜ ಬೇರೆ. ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿರುವ ನಾಲ್ಕನೇ ಜಾರ್ಜ್ ದೊರೆಯನ್ನೂ ಜೀನು, ರಿಕಾಬು ಇಲ್ಲದ ಕುದುರೆಯ ಮೇಲೇ ಕೂರಿಸಿದ. ಬರೀ ಬೆನ್ನಿನ ಮೇಲೆ, ಗ್ರೀಕರ ಹಳೆಯ ಶಿಲ್ಪಗಳ ಹಾಗೆ, ಸವಾರನೂ ಕುದುರೆಯೂ ಒಂದೇ ಮೈಯಾಗಿ ಕಾಣಬೇಕೆಂಬುದು ಅವನ ಆಯ್ಕೆ. 1839ರಿಂದ ಈ ಬಿಸಿಲಿನಲ್ಲಿ ಮನ್ರೋ ಹಾಗೆಯೇ ಕೂತಿದ್ದಾನೆ. ಸ್ವಾತಂತ್ರ್ಯದ ನಂತರ ಎಷ್ಟೋ ಬಿಳಿಯರ ಪ್ರತಿಮೆಗಳು ಬೀದಿಯಿಂದ ಮ್ಯೂಸಿಯಂಗೆ ಹೋದವು, ಇವನು ಉಳಿದ.

ಯಾಕೆ ಉಳಿದ ಎನ್ನುವುದಕ್ಕೆ ಒಂದು ಸುಳಿವು ತುಂಗಭದ್ರೆಯ ದಡದಲ್ಲಿದೆ. ಮಂತ್ರಾಲಯಕ್ಕೆ ಹೋದವರೆಲ್ಲ ಆ ಕಥೆ ಕೇಳಿದ್ದಾರೆ. ಮಠದ ಭೂಮಿಯ ಕಂದಾಯದ ವಿಚಾರಣೆಗೆ ಕಲೆಕ್ಟರ್ ಮನ್ರೋ ಬಂದ. ಟೋಪಿ ತೆಗೆದ, ಬೂಟು ಬಿಚ್ಚಿದ, ಒಳಗೆ ಹೋದ. 1671ರಲ್ಲಿ ಬೃಂದಾವನಸ್ಥರಾದ ರಾಯರು ಅವನಿಗೆ ಪ್ರತ್ಯಕ್ಷರಾಗಿ ಮಾತಾಡಿದರು. ಜೊತೆಯಲ್ಲಿದ್ದವರಿಗೆ ಕೇಳಿಸಿದ್ದು ಮನ್ರೋನ ಮಾತು ಮಾತ್ರ. ಭೂಮಿ ಮಠಕ್ಕೇ ಉಳಿಯಿತು. ತಿರುಮಲೆಯಲ್ಲಿ ಇನ್ನೊಂದು ಗುರುತು ಇದೆ, ಮನ್ರೋ ಗಂಗಾಳ ಎಂಬ ನೈವೇದ್ಯದ ಪಾತ್ರೆ. ಕಡಪದ ಗಂಡಿ ಕ್ಷೇತ್ರದವರು ಹೇಳುವುದು ಮತ್ತೊಂದು: ಎರಡು ಬೆಟ್ಟಗಳ ನಡುವೆ ರಾಮನಿಗಾಗಿ ಕಟ್ಟಿದ ಬಂಗಾರದ ತೋರಣ ಸಾವು ಹತ್ತಿರವಾದವರಿಗೆ ಮಾತ್ರ ಕಾಣುತ್ತದೆಯಂತೆ, ಅದನ್ನು ಮನ್ರೋ ಕಂಡನಂತೆ.

ಈ ಕಥೆಗಳನ್ನು ಕೇಳಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಮನ್ರೋ ದೇವಮಾನವನೇನಲ್ಲ, ಸಾಮ್ರಾಜ್ಯದ ಕಂದಾಯಕ್ಕಾಗಿ ದುಡಿದವನು. ಅವನು ಗೊತ್ತುಮಾಡಿದ ಕಂದಾಯದ ಭಾರಕ್ಕೆ ಕೆನರಾದ ರೈತರು ಗೊಣಗಿದ್ದೂ ಉಂಟು. ಆದರೂ ಕುದುರೆಯ ಮೇಲೆ ಹಳ್ಳಿ ಹಳ್ಳಿ ಸುತ್ತಿ, ಅವರದೇ ಭಾಷೆಯಲ್ಲಿ ಕೂತು ಕೇಳಿದ ಅಧಿಕಾರಿಯನ್ನು ಜನ ತಮ್ಮ ಪುರಾಣದೊಳಗೆ ಸೇರಿಸಿಕೊಂಡರು. ಗಂಗೆಯನ್ನು ತಂದ ಭಗೀರಥನ ಕಾಲಿಗೆ ಶಾಪದ ಧೂಳು ಮೆತ್ತಿಸಿ ಪುರಸೈವಾಕ್ಕಂಗೆ ಕರೆತಂದ ಮನಸ್ಸೇ, ಗೆದ್ದು ಬಂದ ಪರದೇಶಿಯ ಬೂಟು ಬಿಚ್ಚಿಸಿ ರಾಯರ ಮುಂದೆ ನಿಲ್ಲಿಸಿತು. ಅಧಿಕಾರವುಳ್ಳವನು ತಲೆಬಾಗಬೇಕು ಎಂಬ ಆಸೆ ಎರಡರಲ್ಲೂ ಒಂದೇ.

ದ್ವೀಪದಿಂದ ಸೇತುವೆ ದಾಟಿದರೆ ಸೇಂಟ್ ಜಾರ್ಜ್ ಕೋಟೆ. 1769ರಲ್ಲಿ ಹೈದರಾಲಿಯ ಕುದುರೆಗಳು ಈ ಕೋಟೆಯ ಹೊರವಲಯಕ್ಕೆ ಬಂದು ನಿಂತಿದ್ದವು. ಆಗ ಒಪ್ಪಂದಕ್ಕೆ ಬಂದು ಉಸಿರು ಬಿಟ್ಟವರು ಇಂಗ್ಲಿಷರು. ಈಗ ಕೋಟೆಯೊಳಗಿನ ಮ್ಯೂಸಿಯಂನಲ್ಲಿ, ಟಿಪ್ಪುವನ್ನು 1792ರಲ್ಲಿ ಸೋಲಿಸಿದ ಕಾರ್ನ್‌ವಾಲಿಸನ ದೊಡ್ಡ ಅಮೃತಶಿಲೆಯ ಪ್ರತಿಮೆಯಿದೆ. ಥಾಮಸ್ ಬ್ಯಾಂಕ್ಸ್ ಕಡೆದದ್ದು, 1800ರಲ್ಲಿ ಮದ್ರಾಸಿಗೆ ಬಂದದ್ದು. ಪ್ರತಿಮೆಗಿಂತ ಪೀಠದ ಮೇಲಿನ ಉಬ್ಬುಶಿಲ್ಪವನ್ನು ನೋಡಬೇಕು. 1792ರ ಫೆಬ್ರವರಿಯಲ್ಲಿ ಟಿಪ್ಪು ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ ಕ್ಷಣ ಅದು. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಎರಡು ಮಕ್ಕಳು. ಸೋಲಿನ ಬೆಲೆ ಹೀಗೆ ಗೊತ್ತಾಗಿತ್ತು. ಅಬ್ದುಲ್ ಖಾಲಿಕ್‌ಗೆ ಹತ್ತು ವರ್ಷ, ಮುಯಿಜುದ್ದೀನನಿಗೆ ಎಂಟು.

ಈ ಕಲ್ಲಿನ ಮುಂದೆ ನನ್ನ ಕಾಲು ಪ್ರತಿ ಸಲವೂ ನಿಂತುಬಿಡುತ್ತದೆ. ಆ ಮಕ್ಕಳನ್ನು ಶ್ರೀರಂಗಪಟ್ಟಣದಿಂದ ಮದ್ರಾಸಿಗೆ ಕರೆತಂದರು. ಕಾವೇರಿ ಬಿಟ್ಟು ಬೇರೆ ನೀರು ಕಾಣದ ಕಣ್ಣುಗಳು ಮೊದಲ ಸಲ ಸಮುದ್ರ ನೋಡಿದ್ದು ಇಲ್ಲಿಯೇ ಇರಬೇಕು. ಇಂಗ್ಲಿಷರು ಅವರನ್ನು ಆದರದಿಂದ ನೋಡಿಕೊಂಡರು, ಚಿತ್ರಗಾರರು ಅವರ ಚಿತ್ರ ಬರೆದು ಲಂಡನ್ನಿನಲ್ಲಿ ಮಾರಿದರು, ಇಡೀ ಇಂಗ್ಲೆಂಡು ಆ ದೃಶ್ಯವನ್ನು ನೋಡಿ ತನ್ನ ದಯೆಯನ್ನು ತಾನೇ ಮೆಚ್ಚಿಕೊಂಡಿತು. 1794ರಲ್ಲಿ ಮಕ್ಕಳು ತಂದೆಯ ಬಳಿಗೆ ಮರಳಿದರು. ಐದೇ ವರ್ಷ. ತಂದೆ ಹೋದ, ದ್ವೀಪ ಹೋಯಿತು, ಸಂಸಾರವೆಲ್ಲ ವೆಲ್ಲೂರಿನ ಕೋಟೆಗೆ ಬಂತು. 1806ರಲ್ಲಿ ವೆಲ್ಲೂರಿನ ಸಿಪಾಯಿಗಳು ದಂಗೆ ಎದ್ದ ಮೇಲೆ ಅಲ್ಲಿಂದಲೂ ಎತ್ತಿ ಕಲ್ಕತ್ತೆಗೆ ಸಾಗಿಸಿದರು. ಟಿಪ್ಪುವಿನ ಬಗ್ಗೆ ನಮ್ಮಲ್ಲಿ ಜಗಳ ಮುಗಿಯುವುದಿಲ್ಲ, ಮುಗಿಯಬೇಕೆಂದೂ ಇಲ್ಲ. ಆದರೆ ಎಂಟು ವರ್ಷದ ಮಗುವೊಂದನ್ನು ತೂಕಕ್ಕಿಟ್ಟ ಕಲ್ಲು ಯಾವ ಪಕ್ಷದವರನ್ನೂ ಸುಮ್ಮನೆ ಮುಂದೆ ಹೋಗಲು ಬಿಡಬಾರದು.

ದರಿಯಾ ದೌಲತ್ತಿನ ಗೋಡೆಯಲ್ಲಿ ಇದಕ್ಕೆ ಎದುರಾದ ಚಿತ್ರವಿದೆ. 1780ರಲ್ಲಿ ಕಂಚಿಯ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್, ಟಿಪ್ಪು ಸೇರಿ ಕರ್ನಲ್ ಬೇಲಿಯ ಸೈನ್ಯವನ್ನು ಪುಡಿಗಟ್ಟಿದ ಕಾಳಗ. ಪಲ್ಲಕ್ಕಿಯಲ್ಲಿ ಕೂತ ಬೇಲಿ ಬೆರಳು ಕಚ್ಚಿಕೊಂಡಿದ್ದಾನೆ. ಆ ಬೇಲಿ ಸತ್ತದ್ದು ಶ್ರೀರಂಗಪಟ್ಟಣದ ಸೆರೆಯಲ್ಲಿ. ಅವರ ಸೋಲು ನಮ್ಮ ದ್ವೀಪದ ಗೋಡೆಯ ಮೇಲೆ, ನಮ್ಮ ಸೋಲು ಅವರ ಕೋಟೆಯ ಕಲ್ಲಿನ ಮೇಲೆ. ಎರಡನ್ನೂ ನೋಡಿದವರಿಗೆ ಎರಡೂ ಬೇರೆಯಾಗಿ ಕಾಣತೊಡಗುತ್ತವೆ.

ತಿಳಿಯುತ್ತ ಹೋದರೆ ಬೆರಗು ಕರಗುತ್ತದೆ ಎಂದು ಹೇಳುವವರಿದ್ದಾರೆ. ರಿಕಾಬಿನ ಕಥೆ ಸುಳ್ಳೆಂದರೆ ಮುಖ ಸಣ್ಣದು ಮಾಡಿಕೊಳ್ಳುವವರನ್ನು ನಾನು ಕಂಡಿದ್ದೇನೆ. ನನ್ನ ಅನುಭವ ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಮನ ನಾಡಿನವರು ನಾವು. ಬೆರಗು ಅರಿವಿನ ಆಚೆ ದಡದಲ್ಲಿ ಇರುವುದೆಂದು ನಮ್ಮ ಹಿರಿಯರು ಕಂಡುಕೊಂಡಿದ್ದರು, ಅರಿಯದಿರುವುದರಲ್ಲಿ ಅಲ್ಲ. ಏನೂ ತಿಳಿಯದೆ ಗುಮ್ಮಟ ನೋಡಿದಾಗ ಅದು ಚೆಂದವಿತ್ತು. ಬಾವಿಗಳ ವಿಷಯ ತಿಳಿದಾಗ ಅದು ತೂಕ ಪಡೆಯಿತು. ಕಮಾನಿನ ವಿಷಯ ತಿಳಿದಾಗ ಅದರೊಳಗೆ ನಮ್ಮ ಕಾವೇರಿಯ ಗಾಳಿ ಬೀಸಿತು. ಕೆಲಸ ಕಳೆದುಕೊಂಡು ಮತ್ತೆ ಎದ್ದ ಮನುಷ್ಯನ ವಿಷಯ ತಿಳಿದಾಗ ನನ್ನ ಮನೆಯವರ, ನೆರೆಯವರ ಎಷ್ಟೋ ಬಿದ್ದೆದ್ದ ಬದುಕುಗಳು ಆ ನಕ್ಷತ್ರಗಳ ಕೆಳಗೆ ಬಂದು ಕೂತವು.

ಬಾಲಿಗೆ, ಶ್ರೀಲಂಕಾಗೆ, ಮಾರಿಷಸ್‌ಗೆ ಹೋಗಿಬಂದ ಬಂಧುಗಳು ಚಿತ್ರ ತೋರಿಸುತ್ತಾರೆ. ಹೋಗಲಿ, ನೋಡಲಿ, ಸಂತೋಷ. ಸಮುದ್ರ ದಾಟಿ ನೋಡಬೇಕಾದ ಗುಡಿಗಳೂ ಬೌದ್ಧ ಸ್ತೂಪಗಳೂ ನಿಜವಾಗಿ ಇವೆ. ಆದರೆ ಅಲ್ಲಿಯೂ ಒಂದು ಬೆಳಗಿನಲ್ಲಿ ಏಳು ಜಾಗ ಮುಗಿಸುವ ಓಟವೇ ನಡೆದರೆ ಶ್ರೀರಂಗಪಟ್ಟಣದಲ್ಲಿ ಆದದ್ದೇ ಅಲ್ಲೂ ಆಗುತ್ತದೆ. ಒಂದು ಜಾಗವನ್ನು ನೋಡಿ, ಅದರ ದಾರ ಹಿಡಿದು ಇನ್ನೊಂದಕ್ಕೆ ಹೋಗಿ, ಮತ್ತೆ ಮೊದಲಿನದಕ್ಕೆ ಮರಳಿ ಬಂದಾಗ ಮಾತ್ರ ಕಲ್ಲು ಮಾತಾಡುತ್ತದೆ.

ಮಂಡ್ಯ, ಮೈಸೂರು, ಬೆಂಗಳೂರು ಕಡೆಯಿಂದ ಚೆನ್ನೈಗೆ ಬರುವವರಲ್ಲಿ ನನ್ನದೊಂದು ಕೋರಿಕೆ. ಆಸ್ಪತ್ರೆಗೋ ಮದುವೆ ಸೀರೆಗೋ ಬಂದಿರುತ್ತೀರಿ, ಕೆಲಸದ ಅವಸರವಿರುತ್ತದೆ. ಆದರೂ ಒಂದು ಬೆಳಗನ್ನು ಬಿಡುವು ಮಾಡಿಕೊಳ್ಳಿ. ಪುರಸೈವಾಕ್ಕಂನ ಗಂಗಾಧರನಿಗೆ ಕೈಮುಗಿದು ಕಿರ್ಕಿಗೆ ಬನ್ನಿ. ಎಗ್ಮೋರ್ ರೈಲು ನಿಲ್ದಾಣದಿಂದ ಅದು ನಡೆದು ಹೋಗುವಷ್ಟು ಹತ್ತಿರ. ಆಮೇಲೆ ದ್ವೀಪಕ್ಕೆ, ಅಲ್ಲಿಂದ ಕೋಟೆಯ ಮ್ಯೂಸಿಯಂಗೆ. ಕೋಟೆಯ ಬಾಗಿಲಲ್ಲಿ ತಪಾಸಣೆ ಇರುತ್ತದೆ, ಗುರುತಿನ ಚೀಟಿ ಇಟ್ಟುಕೊಳ್ಳಿ. ಮಕ್ಕಳನ್ನು ತಪ್ಪದೆ ಕರೆತನ್ನಿ. ಊರಿಗೆ ಮರಳಿದ ಮೇಲೆ ಶ್ರೀರಂಗಪಟ್ಟಣಕ್ಕೆ ಮತ್ತೊಮ್ಮೆ ಹೋಗಿ. ಪೂರ್ಣಯ್ಯನವರ ಸೇತುವೆಯ ಕಂಬಗಳನ್ನು ಬಗ್ಗಿ ನೋಡಿ, ಕೋಟೆಯೊಳಗಿನ ಗಂಗಾಧರೇಶ್ವರನ ಗುಡಿಗೂ ಹೋಗಿ ಬನ್ನಿ, ಡಿ ಹ್ಯಾವಿಲ್ಯಾಂಡನ ಕಮಾನು ಎಲ್ಲಿ ನಿಂತಿತ್ತು ಎಂದು ಅಲ್ಲಿನ ಹಿರಿಯರನ್ನು ಕೇಳಿ.